ಹದಿನೇಳರ ಮಗ್ಗಿಗೆ ಜರಿಪೇಟ

ಕಾರೆಹುಂಡಿ ಶಾಲೆಗೆ ಒಂದು ದಿನವೂ ತಪ್ಪಿಸದೆ ಬಂದವರು ಯಾರು ಎಂದು ನಂಜುಂಡಪ್ಪ ಮೇಷ್ಟ್ರನ್ನು ಯಾರಾದರೂ ಕೇಳಿದ್ದರೆ, ಅವರು ಸುಳ್ಳು ಹೇಳದೆ ಇದ್ದರೆ, ಒಂದು ಆನೆಯ ಕಡೆ ಕೈ ತೋರಿಸಬೇಕಾಗುತ್ತಿತ್ತು.

ಬೇಗೂರಿನಲ್ಲಿ ಬಸ್ಸಿಳಿದು, ಪಡುವಲಕ್ಕೆ ತಿರುಗಿ, ಗಾಡಿ ಜಾಡು ಹಿಡಿದು ಬಾಯಾರುವವರೆಗೂ ನಡೆದರೆ ಕಾರೆಹುಂಡಿ. ಅದರಿಂದಾಚೆ ಊರಿಲ್ಲ, ಬರೀ ಕಾಡು. ಶಾಲೆ ಎಂದರೆ ಮಾರಿಗುಡಿ ಪಕ್ಕದ ಒಂದು ಹುಲ್ಲು ಮಾಡಿನ ಕೋಣೆ, ಒಂದು ಚಾಪೆ, ಹುಣಸೆಮರಕ್ಕೆ ನೇತುಹಾಕಿದ, ಗಾಡಿಚಕ್ರದ ಒಂದು ಹಳೇ ಕಬ್ಬಿಣದ ಪಟ್ಟಿ. ಆ ಪಟ್ಟಿಗೆ ಕಲ್ಲಿನಿಂದ ಬಡಿದರೆ ಅದೇ ಗಂಟೆ. ಮೇಷ್ಟ್ರು ಹೊಸದಾಗಿ ಬಂದಾಗ ಎಷ್ಟು ಬಡಿದರೂ ಬರುತ್ತಿದ್ದುದು ನಾಯಿಗಳು ಮಾತ್ರ. ಊರಿನ ಪ್ರತಿ ಮಗುವಿಗೂ ಕಾಯಲು ಒಂದು ಎಮ್ಮೆಯೋ ನಾಲ್ಕು ಮೇಕೆಯೋ ಇದ್ದವು. ಎಮ್ಮೆಗಳಿಗೆ ಓದಿನ ಮೇಲೆ ಗೌರವ ಇರಲಿಲ್ಲ.

ಆಗ ಮೇಷ್ಟ್ರು ಒಂದು ಉಪಾಯ ಮಾಡಿದರು. ಸಂತೆಯಿಂದ ಹುರಿಗಡಲೆ, ಬೆಲ್ಲ ತಂದರು. ಮಗ್ಗಿ ಒಪ್ಪಿಸಿದವರಿಗೆ ಒಂದು ಹಿಡಿ ಕಡಲೆ, ಒಂದು ಚೂರು ಬೆಲ್ಲ. ಮಕ್ಕಳು ಎಮ್ಮೆಗಳನ್ನು ಎಮ್ಮೆಗಳಿಗೇ ಒಪ್ಪಿಸಿ ಓಡಿ ಬಂದರು. ಚಾಪೆ ತುಂಬಿತು. ಬೆಲ್ಲದ ವಾಸನೆ ಹೊಲ ದಾಟಿತು, ಹಳ್ಳ ದಾಟಿತು, ಕಾಡಿಗೂ ಹೋಯಿತು.

ಒಂದು ಬೆಳಿಗ್ಗೆ ಮಕ್ಕಳು ಎರಡರ ಮಗ್ಗಿಯಲ್ಲಿ ಇರುವಾಗ ಕಿಟಕಿಯಿಂದ ಒಂದು ಸೊಂಡಿಲು ಒಳಗೆ ಬಂದು ಬೆಲ್ಲದ ಅಚ್ಚನ್ನು ತೆಗೆದುಕೊಂಡು, ಯಾರಿಗೂ ತೊಂದರೆ ಕೊಡದೆ ಹೊರಟುಹೋಯಿತು. ಮರುದಿನ ಗಂಟೆ ಬಡಿಯುವ ಹೊತ್ತಿಗೆ ಆನೆ ಹುಣಸೆಮರದ ಕೆಳಗೆ ಬಂದು ನಿಂತಿತ್ತು. ಮೇಷ್ಟ್ರು ಏಳುವುದು ತಡವಾದ ದಿನ ಅದು ತಾನೇ ಸೊಂಡಿಲಲ್ಲಿ ಕಲ್ಲು ಹಿಡಿದು ಪಟ್ಟಿ ಬಡಿಯಿತು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ಮಕ್ಕಳಂತೂ ಅದಕ್ಕೆ ಐದರವರೆಗೆ ಮಗ್ಗಿ ಬರುತ್ತದೆ ಎಂದು ಆಣೆ ಮಾಡುತ್ತಿದ್ದರು. ಸರಿಯಾಗಿ ಹೇಳಿದಾಗ ತಲೆ ಆಡಿಸುತ್ತದೆ, ತಪ್ಪಿದಾಗ ಕಿವಿ ಬಡಿಯುತ್ತದೆ ಎನ್ನುತ್ತಿದ್ದರು. ಹೀಗೆ ಪಾಠ ಸುಗಮವಾಗಿ ನಡೆದಿತ್ತು. ಆದರೆ ಒಂದು ದಿನ ಬೆಲ್ಲ ಮುಗಿದುಹೋಗಿತ್ತು. ಆನೆ ಕಿಟಕಿಯಲ್ಲಿ ತಡಕಿತು, ಸಿಗಲಿಲ್ಲ. ಅನ್ನದ ಗಡಿಗೆಯ ಮುಚ್ಚಳ ತೆಗೆದಂತೆ ಶಾಲೆಯ ಮಾಡನ್ನು ಮೆಲ್ಲಗೆ ಎತ್ತಿ, ಒಳಗೆ ಒಂದು ಸಲ ಇಣುಕಿ ನೋಡಿ, ಮಾಡನ್ನು ಒಯ್ದು ಯಜಮಾನ ಪುಟ್ಟಮಲ್ಲಪ್ಪನವರ ಹುಲ್ಲುಮೆದೆಯ ಮೇಲೆ ಇಟ್ಟು ಕಾಡಿಗೆ ಹೋಯಿತು.

ಪುಟ್ಟಮಲ್ಲಪ್ಪ ಊರಿಗೆಲ್ಲ ದೊಡ್ಡ ಹಿಡುವಳಿದಾರರು. ಹಣೆ ತುಂಬ ವಿಭೂತಿ, ಮುಖ ತುಂಬ ಮೀಸೆ. ಅವರು ಅಂದೇ ಸಂಜೆ ಊರು ಸೇರಿಸಿದರು.

"ಮೇಷ್ಟ್ರೇ, ಇವತ್ತು ಮಾಡು ತಗದದ. ನಾಳ ನಮ್ ಅಟ್ಟಿದು ತಗೀತದ," ಎಂದರು. "ಇನ್ನು ಮ್ಯಾಕ ಇಸ್ಕೂಲೊಳಗ ತಿನ್ನಾದು ಅನ್ನಂಗ ಒಂದ್ ಕಾಳೂ ಇರ್ಕೂಡ್ದು. ಐಕ್ಳಿಗ ಇನ್ನೇನಾರ ಕೊಟ್ಕಳಿ."

"ತಿನ್ನೋದು ಬಿಟ್ಟು ಇನ್ನೇನು ಕೊಡ್ಲಿ ಯಜಮಾನ್ರೇ?"

"ಅದ ಓದ್ಕಂಡಿರೋರು ನೀವು ಯೇಳ್ಬೇಕು. ನಾನೇನ್ ಯೇಳ್ಲಿ?"

ಮಾಡು ಮತ್ತೆ ಕೂತಿತು. ಬೆಲ್ಲ ನಿಂತಿತು. ಬೆಲ್ಲ ನಿಂತ ಮೂರನೇ ದಿನಕ್ಕೆ ಆನೆಯೂ ಇಲ್ಲ, ಮಕ್ಕಳೂ ಇಲ್ಲ.

ಆ ಬಡ ದಿನಗಳಲ್ಲೇ ಗುಂಡ್ಲುಪೇಟೆ ಕಡೆಯಿಂದ ಇನ್ಸ್‌ಪೆಕ್ಟರು ಬರಬೇಕೆ? ತಲೆಗೆ ಹ್ಯಾಟು, ಬೇಗೂರಿನಲ್ಲಿ ಹಿಡಿದ ಬಾಡಿಗೆ ಸೈಕಲ್ಲು. ಅವರು ಬಂದಾಗ ಚಾಪೆಯ ಮೇಲೆ ಇದ್ದವರು ಇಬ್ಬರು. ಒಬ್ಬನಿಗೆ ಕಾಲಿಗೆ ಮುಳ್ಳು ಚುಚ್ಚಿ ದನದ ಹಿಂದೆ ಓಡಲಾಗುತ್ತಿರಲಿಲ್ಲ. ಇನ್ನೊಬ್ಬ ನಿದ್ದೆ ಮಾಡುತ್ತಿದ್ದ.

"ಮೇಷ್ಟ್ರೇ," ಎಂದರು ಇನ್ಸ್‌ಪೆಕ್ಟರು, ಮಲಗಿದವನನ್ನು ಎಬ್ಬಿಸಬಾರದೆಂದು ಮೆಲ್ಲಗೆ. "ಸುಗ್ಗಿಗೆ ಮುಂಚೆ ಇನ್ನೊಂದು ಸಲ ಬರ್ತೀನಿ. ಆಗಲೂ ಹೀಗೇ ಇದ್ದರೆ ಈ ಶಾಲೆ ಎತ್ತಿ ಬೇರೆ ಊರಿಗೆ ಕೊಡ್ತೀವಿ. ನಿಮಗೆ ಕಾಡಿನಾಚೆ ಒಂದು ಜಾಗ ನೋಡಿದೀನಿ. ಗಾಳಿ ಚೆನ್ನಾಗಿದೆ."

ಕಾಡಿನಾಚೆ ಹೋಗಲು ಮೇಷ್ಟ್ರಿಗೆ ಅಂಥ ಭಯವೇನೂ ಇರಲಿಲ್ಲ. ಭಯ ಇದ್ದದ್ದು ಹೆಂಡತಿ ಚಂದ್ರಮತಿಗೆ ಈ ಮಾತು ಹೇಳಲು. ಮದುವೆಯಾದಾಗಿನಿಂದ ಆಕೆ ಊರಿಂದೂರಿಗೆ ಗಂಟು ಕಟ್ಟಿಯೇ ಕಟ್ಟಿದ್ದಳು. ಚಂದಕವಾಡಿಯಲ್ಲಿ ಹಾಕಿದ ಹೀರೆಬಳ್ಳಿ ಕಾಯಿ ಬಿಡುವ ಮುಂಚೆ ಇನ್ನೊಂದೂರು, ಅಲ್ಲಿ ನೆಟ್ಟ ಬಾಳೆ ಗೊನೆ ಹಾಕುವ ಮುಂಚೆ ಮತ್ತೊಂದೂರು. ಕಾರೆಹುಂಡಿಯಲ್ಲಿ ಮೊದಲ ಸಲ ಹಿತ್ತಿಲಲ್ಲೇ ಬಾವಿ ಇರುವ ಮನೆ ಸಿಕ್ಕಿತ್ತು. ಕೊಟ್ಟಿಗೆಯಲ್ಲಿ ಗಬ್ಬದ ಎಮ್ಮೆ ಇತ್ತು.

ಚಂದ್ರಮತಿ ಗಂಡನ ಮಾತು ಪೂರ್ತಿ ಕೇಳಿದಳು. ಒನಕೆ ಕೆಳಗಿಟ್ಟಳು.

"ನೋಡಿ, ನಾ ಜಗಳ ಆಡಲ್ಲ," ಎಂದಳು. "ಇನ್ನೊಂದ್ ಸಲ ಗಂಟು ಕಟ್ಟು ಅಂದ್ರ ಕಟ್ತೀನಿ. ಆದ್ರ ಆ ಗಂಟು ಕಾಡ್ನಾಚ್ಗ ಬರಲ್ಲ. ಸೀದಾ ಬದನಗುಪ್ಪೆಗ, ನಮ್ಮಪ್ಪನ ಮನಗ ಓಯ್ತದ. ಎಮ್ಮ ಇಡ್ಕಂಡು ನಾನೂ ಓಯ್ತೀನಿ. ನೀವು ಆ ಗಾಳಿ ಕುಡ್ಕಂಡು ಸುಕವಾಗಿರಿ."

ಆಕೆ ಜಗಳ ಆಡಿದ್ದರೆ ಮೇಷ್ಟ್ರಿಗೆ ಧೈರ್ಯ ಇರುತ್ತಿತ್ತು. ಜಗಳ ಆಡಲಿಲ್ಲವಲ್ಲ, ಅದಕ್ಕೇ ಅವರ ಎದೆ ಬಾವಿಗೆ ಬಿದ್ದ ಕೊಡದಂತೆ ಸದ್ದು ಮಾಡಿತು.

ಅಂದಿನಿಂದ ಅವರಿಗೆ ಇದೊಂದೇ ಚಿಂತೆ. ತಿನ್ನಲಾಗದ್ದು, ಆದರೂ ಮಕ್ಕಳಿಗೆ ಬೇಕಾದದ್ದು, ಅಂಥದ್ದು ಈ ಭೂಮಿಯ ಮೇಲೆ ಏನಿದೆ? ಮೊದಲು ಬರೀ ಶಹಬಾಸ್ ಕೊಟ್ಟು ನೋಡಿದರು. ಶಹಬಾಸ್ ಅನ್ನಿಸಿಕೊಂಡ ಹುಡುಗ ಕೈಯೊಡ್ಡಿಕೊಂಡೇ ನಿಂತಿದ್ದ. "ಸಾಬಾಸ್ ಅಂದ್ರಲ್ಲ, ಎಲ್ಲಿ ಅದು?" ಎಂದ. ಆಮೇಲೆ ಬಳಪ ಹಂಚಿದರು. ಮರುದಿನ ಬಳಪ ಎಲ್ಲಿ ಎಂದು ಕೇಳಿದರೆ ಎಲ್ಲರೂ ಹೊಟ್ಟೆ ಮುಟ್ಟಿ ತೋರಿಸಿದರು. ಬಿಳೀ ಬಳಪಕ್ಕಿಂತ ಕೆಂಪು ಬಳಪ ರುಚಿ ಎಂದು ತೀರ್ಪನ್ನೂ ಕೊಟ್ಟರು. ಬಳಪ ತಿಂಡಿಯಾದ ಮೇಲೆ ಅದೂ ಯಜಮಾನರ ಕಟ್ಟಪ್ಪಣೆಯೊಳಗೇ ಬಂತು.

ದಾರಿ ತೋರಿಸಿದ್ದು ಬಿಸಿಲು. ಚಂದ್ರಮತಿ ಒಂದು ದಿನ ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಿದ್ದಳು. ಹಗ್ಗದ ಮಂಚದ ಮೇಲೆ, ಎಲ್ಲದಕ್ಕಿಂತ ಮೇಲೆ, ಮೇಷ್ಟ್ರ ಜರಿಪೇಟ ಕೂತಿತ್ತು. ಬಿಳೀ ರೇಷ್ಮೆ, ಬೆರಳಗಲದ ಬಂಗಾರದ ಜರಿ. ಮದುವೆಯಲ್ಲಿ ಬದನಗುಪ್ಪೆಯ ಮಾವನವರು ಅಳಿಯನ ತಲೆಗೆ ಇಟ್ಟದ್ದು. ಅಂಥ ಪೇಟ ಆ ಸೀಮೆಯಲ್ಲಿ ಅಮಲ್ದಾರರ ತಲೆಯ ಮೇಲೆ ಮಾತ್ರ ಇರುತ್ತಿತ್ತು. ಮಹಾರಾಜರ ಕಾಲದಿಂದಲೂ ಕಾರೆಹುಂಡಿಯಲ್ಲಿ ಒಂದು ರೂಢಿ ಇತ್ತು: ಜರಿಪೇಟ ಬೀದಿಗೆ ಬಂದರೆ ಜಗಲಿಯ ಮೇಲೆ ಕೂತವರು ಏಳಬೇಕು, ಹೊಗೆಸೊಪ್ಪು ಉಗುಳಬೇಕು, ಕೈ ಮುಗಿಯಬೇಕು. ಯಾರು ಬಂದರು ಎಂದು ವಿಚಾರಿಸುವುದು ಆಮೇಲೆ.

ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಚಿಕ್ಕಮಾದಮ್ಮ ಬೇಲಿ ಹತ್ತಿರ ನಿಂತುಬಿಟ್ಟಳು. ಹೊಲಗಳಲ್ಲಿ ಕೂಲಿ ಮಾಡುವ ಚಿಕ್ಕಬೀರಯ್ಯನ ಮಗಳು. ಊರಿಗೆಲ್ಲ ಮಾದಿ. ಮೇಕೆಗಳು ಚಂದ್ರಮತಿಯ ಸೇವಂತಿಗೆ ಮೇಯುತ್ತಿದ್ದರೂ ಅವಳಿಗೆ ಪರಿವೆ ಇಲ್ಲ.

"ಅವ್ವಾ, ಅದ ಒಂದ್ಕಿತ ತಲಗ ಇಕ್ಕಂಬುಡ್ಲಾ?" ಎಂದಳು.

"ಯಾಕಮ್ಮಿ?"

"ಸುಮ್ನ."

ಮೇಷ್ಟ್ರು ಒಳಗಿನಿಂದ ಒಂದೇ ನೆಗೆತಕ್ಕೆ ಹೊರಗೆ ಬಂದರು. "ಹತ್ತರ ತನಕ ಮಗ್ಗಿ ಒಪ್ಪಿಸಮ್ಮಿ. ಒಪ್ಪಿಸಿದ ದಿನ ಶಾಲೆ ಬಿಟ್ಟಾಗಿಂದ ಮಾರನೇ ದಿನ ಗಂಟೆ ಹೊಡೆಯೋ ತನಕ ಪೇಟ ನಿಂದು."

ಚಂದ್ರಮತಿ ಗಂಡನ ಮುಖ ನೋಡಿದಳು. "ನಮ್ಮಪ್ಪ ಇಟ್ಟ ಪೇಟ ಅದು."

"ನಿಮ್ಮಪ್ಪ ಇಟ್ಟ ಪೇಟ ಪೆಟ್ಟಿಗೇಲಿರಬೇಕೋ, ನಿಮ್ಮಪ್ಪನ ಮಗಳು ಇಲ್ಲಿರಬೇಕೋ, ನೀನೇ ಹೇಳು."

ಆಕೆ ಪೇಟವನ್ನೂ ಬಾವಿಯನ್ನೂ ನೋಡಿದಳು. "ಯೇನು, ಸೀರು ಇರೋ ತಲಗ ಮಾತ್ರ ಇಕ್ಕಕೂಡ್ದು," ಎಂದಳು. "ಎಣ್ಣ ಅಚ್ಚಿ, ಸೀಗಕಾಯ್ಲಿ ತೊಳ್ದು, ನಂಗ ತೋರ್ಸಿ ಆಮ್ಯಾಕ."

ಮಾದಿ ಮೇಕೆಗಳಿಗೇ ಪಾಠ ಹೇಳಿಕೊಂಡು ಕಲಿತಳು. ಅವಳು ತಪ್ಪಿದಾಗ ಹೋತ ಗುದ್ದುತ್ತಿತ್ತಂತೆ. ಒಂದು ವಾರ ಆಗುವಷ್ಟರಲ್ಲಿ ಬಂದು ಕಣ್ಣು ಮುಚ್ಚಿಕೊಂಡು ಗಡಗಡನೆ ಒಪ್ಪಿಸಿದಳು. ಮೇಷ್ಟ್ರು ಎದ್ದು ನಿಂತು, ಎರಡು ಕೈಯಲ್ಲಿ ಪೇಟ ಎತ್ತಿ ಅವಳ ತಲೆಗೆ ಇಟ್ಟರು. ಅದು ನೇರವಾಗಿ ಮೂಗಿನ ಮೇಲೆ ಬಂದು ಕೂತಿತು. ಚಂದ್ರಮತಿ ಒಳಗೆ ಹಳೇ ಬಟ್ಟೆ ತುರುಕಿ ಸರಿ ಮಾಡಿದಳು.

ಮಾದಿ ಬೀದಿಗೆ ಹೊರಟಳು. ಪುಟ್ಟಮಲ್ಲಪ್ಪನವರ ಜಗಲಿಗೆ ಮುಂಚೆ ಒಂದು ಗಿಡ್ಡ ಗೋಡೆ ಇದೆ. ಅದರ ಮೇಲಿಂದ ಅವರಿಗೆ ಕಂಡದ್ದು ಪೇಟದ ನೆತ್ತಿ, ಜರಿ, ಅಷ್ಟೆ. ಯಜಮಾನರು ಧಡಕ್ಕನೆ ಎದ್ದರು. ಬಾಯಲ್ಲಿದ್ದ ಹೊಗೆಸೊಪ್ಪು ಉಗುಳಿದರು. ಸೊಂಟ ಬಗ್ಗಿಸಿ, "ಬರ್ಬೇಕು ಬುದ್ದಿ, ದಯಮಾಡ್ಬೇಕು," ಎಂದು ಕೈ ಮುಗಿದರು. ಗೋಡೆ ಮುಗಿಯಿತು. ಎದುರಿಗೆ ಮಾದಿ.

"ಬಂದಿ ಬುದ್ದಿ," ಎಂದಳು ಮಾದಿ.

ಬೀದಿಯಲ್ಲಿ ಅರ್ಧ ಊರು ಇತ್ತು. ಎಲ್ಲರೂ ಯಜಮಾನರ ಮುಗಿದ ಕೈ ನೋಡುತ್ತಿದ್ದರು. ಈಗ ಕೈ ಬಿಟ್ಟರೆ ಮೋಸಹೋದಂತೆ, ಬಿಡದಿದ್ದರೆ ಕೂಲಿಯವನ ಮಗಳಿಗೆ ಮುಗಿದಂತೆ. ಪುಟ್ಟಮಲ್ಲಪ್ಪ ಮೀಸೆ ಅಲ್ಲಾಡಿಸದೆ ಯೋಚನೆ ಮಾಡಿದರು.

"ಏನ್ಲಾ ನೋಡೀರಿ?" ಎಂದರು ಕೊನೆಗೆ. "ನಾ ಮುಗ್ದದ್ದು ಪ್ಯಾಟಕ್ಕ ಕಣ್ರಲಾ. ಪ್ಯಾಟ ಬಂದ್ರ ಕೂತಿರಾದಾ? ನೀವೂ ಮುಗೀರಿ."

ಯಜಮಾನರೇ ಹೇಳಿದ ಮೇಲೆ ಇನ್ನೇನು, ಬೀದಿ ಪೂರ್ತಿ ಕೈ ಮುಗಿಯಿತು. ಎದುರು ಬಂದ ಗಾಡಿ ದಾರಿ ಬಿಟ್ಟಿತು. ನೀರು ಸೇದುತ್ತಿದ್ದ ರಾಚಮ್ಮಜ್ಜಿ ಕಣ್ಣು ಸರಿಯಾಗಿ ಕಾಣದೆ, ಕಂದಾಯಕ್ಕೆ ಬಂದವರೇ ಇರಬೇಕೆಂದು ಕೋಳಿಗಳನ್ನು ಅಡಗಿಸಲು ಓಡಿದಳು. ಮಾದಿಯ ಹಿಂದೆ ಅವಳ ಅಪ್ಪ ಚಿಕ್ಕಬೀರಯ್ಯ ನಡೆಯುತ್ತಿದ್ದ. ಹುಟ್ಟಿದಾಗಿನಿಂದ ಬೀದಿಯ ಅಂಚಿನಲ್ಲಿ ನಡೆದವನು ಅಂದು ನಡುಬೀದಿಯಲ್ಲಿ ನಡೆದ. ಕಾಲಿಗೆ ಕಲ್ಲು ಕಡಿಮೆ ಚುಚ್ಚುತ್ತವೆ ಎಂದು ಆಮೇಲೆ ಹೇಳಿದ.

ಮರುದಿನ ಮೇಷ್ಟ್ರು ಗಂಟೆ ಬಡಿಯುವ ಮುಂಚೆಯೇ ಮಕ್ಕಳು ಬಂದು ಕೂತಿದ್ದರು. ಕಾರೆಹುಂಡಿಯಲ್ಲಿ ಮಗ್ಗಿಯ ಹುಚ್ಚು ಹಿಡಿಯಿತು. ಬಾವಿಯಲ್ಲಿ ಕೊಡ ಬಿಡುವಾಗ ಆರರ ಮಗ್ಗಿ, ರಾಗಿ ಬೀಸುವಾಗ ಒಂಬತ್ತರದು. ಮರದಲ್ಲಿದ್ದ ಗಿಳಿಗಳು ಹನ್ನೆರಡರ ಮಗ್ಗಿ ಕೂಗುತ್ತಿದ್ದವು, ಆದರೆ ಹನ್ನೆರಡೆಂಟ್ಲೆಯಲ್ಲಿ ಯಾವಾಗಲೂ ತಪ್ಪುತ್ತಿದ್ದವು. ಊರಲ್ಲಿ ಒಂದು ಹೇನೂ ಉಳಿಯಲಿಲ್ಲ. ಅಷ್ಟು ಸೀಗೆಕಾಯಿ ಖರ್ಚಾಯಿತು. ಸುಲಭದ ಮಗ್ಗಿಗಳೆಲ್ಲ ಎಲ್ಲರಿಗೂ ಬಂದ ಮೇಲೆ ಮೇಷ್ಟ್ರು ಪೇಟವನ್ನು ಹದಿನೇಳರ ಮಗ್ಗಿಗೆ ಏರಿಸಿದರು. ಅದು ಮಗ್ಗಿಗಳಲ್ಲೇ ದುಷ್ಟ ಮಗ್ಗಿ. ಅದನ್ನೂ ಬಿಡಲಿಲ್ಲ.

ಚಂದ್ರಮತಿ ಹಿತ್ತಿಲಲ್ಲಿ ಹೊಸದಾಗಿ ಒಂದು ನುಗ್ಗೆ ನೆಟ್ಟಳು. ಮೇಷ್ಟ್ರು ಅದನ್ನು ನೋಡಿ ಒಳಗೊಳಗೇ ಹಿಗ್ಗಿದರು.

ಹಿಗ್ಗಿದ್ದೇ ತಪ್ಪಾಯಿತು. ಒಂದು ಸಂಜೆ ಚಿಕ್ಕಬೀರಯ್ಯ ಬಂದು ತಲೆ ಕೆರೆಯುತ್ತ ನಿಂತ.

"ಬುದ್ದಿ, ಒಂದ್ ಮಾತು. ಮಗ್ಗಿ ಒಪ್ಸುದವ್ರಿಗ ಪ್ಯಾಟ ಅಂದ್ರಲ್ಲ, ಐಕ್ಳಿಗ ಮಾತ್ರ ಅಂತ ಯೇಳುದ್ರಾ?"

ಮೇಷ್ಟ್ರು ನೆನಪು ಮಾಡಿಕೊಂಡರು. ಹಾಗೆ ಹೇಳಿರಲಿಲ್ಲ. "ಇಲ್ಲ," ಎಂದರು.

"ಅಂಗಾರ ಕೇಳಿ," ಎಂದು ಚಿಕ್ಕಬೀರಯ್ಯ ಕಣ್ಣು ಮುಚ್ಚಿ ಎರಡರ ಮಗ್ಗಿ ಶುರುಮಾಡಿದ. ಮಗಳು ಹೇಳಿಕೊಟ್ಟಿದ್ದಳು. ಅಲ್ಲಿ ಇಲ್ಲಿ ಎಡವಿದರೂ ಬೆವರು ಸುರಿಸಿ ದಾಟಿದ. ಮೇಷ್ಟ್ರು, ದೊಡ್ಡವರಿಗೆ ಇಷ್ಟು ಸಾಕು ಎಂದು ಪೇಟ ಕೊಟ್ಟರು. ಚಿಕ್ಕಬೀರಯ್ಯ ಅಂದು ತನ್ನ ಗುಡಿಸಲಿಗೆ ಹತ್ತಿರದ ದಾರಿ ಬಿಟ್ಟು, ಊರು ಪೂರ್ತಿ ಸುತ್ತಿಕೊಂಡು ಹೋದ. ಪುಟ್ಟಮಲ್ಲಪ್ಪನವರ ಜಗಲಿಯ ಮುಂದೆ ಹಾದುಹೋಗುವಾಗ ಅವನಿಗೆ ಏನೋ ಮರೆತಂತಾಗಿ ವಾಪಸ್ಸು ಬಂದ. ಆಮೇಲೆ ಮರೆತದ್ದು ನೆನಪಾಗಿ ಮತ್ತೆ ಹೋದ. ಪ್ರತಿ ಸಲವೂ ಯಜಮಾನರು ಎದ್ದು ಕೂರಬೇಕಾಯಿತು.

ಮಾರನೇ ದಿನ ಶಾಲೆ ಬಿಡುವ ಹೊತ್ತಿಗೆ ಯಜಮಾನರು ಹಲಗೆ, ಬಳಪ ಹಿಡಿದು ಶಾಲೆಗೆ ಬಂದರು.

"ಮೇಷ್ಟ್ರೇ, ಸುತ್ತ ಬಳಸ ಮಾತ್ಯಾಕ. ಆ ಪ್ಯಾಟ ನಂಗ ಒಂದ್ ದಿನ ಕೊಟ್ಬುಡಿ."

"ಮಗ್ಗಿ ಒಪ್ಪಿಸಿದ್ರೆ ಕೊಡಲೇಬೇಕು ಯಜಮಾನ್ರೇ."

"ನಾ ಇಸ್ಕೂಲಿಗ ಜಾಗ ಕೊಟ್ಟಂವ. ಬ್ಯಾರೆ ಏನೂ ಒಪ್ಸಂಗಿಲ್ವಾ?"

ಮೇಷ್ಟ್ರಿಗೆ ಇಕ್ಕಟ್ಟಾಯಿತು. ಆ ದಿನ ಪೇಟ ಮಾದಿಯ ತಲೆಯ ಮೇಲೆ ಇತ್ತು. ಅವಳು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದಳು. ಎಲ್ಲ ಮಕ್ಕಳೂ ನೋಡುತ್ತಿದ್ದರು. ಈಗ ಬಿಟ್ಟುಕೊಟ್ಟರೆ ನಾಳೆ ಚಾಪೆ ಖಾಲಿ.

"ಮಾದಿ, ಕೇಳಿಸ್ಕೋ," ಎಂದರು ಮೇಷ್ಟ್ರು ಗಟ್ಟಿ ಗಂಟಲಲ್ಲಿ. "ಪೇಟ ತಲೆ ಮೇಲಿರೋವಾಗ ಯಾರು ಕೇಳಿದ್ರೂ ಕೊಡಕೂಡದು. ಯಜಮಾನ್ರು ಕೇಳ್ಲಿ, ಅಮಲ್ದಾರ್ರು ಕೇಳ್ಲಿ, ನಾನೇ ಕೇಳ್ಲಿ. ಮಗ್ಗಿ ಒಪ್ಪಿಸಿದವರಿಗೆ ಮಾತ್ರ."

ಪುಟ್ಟಮಲ್ಲಪ್ಪ ಚಾಪೆಯ ಮೇಲೆ ಕೂತರು. ಯಜಮಾನರೇ ಕೂತ ಮೇಲೆ ಊರ ಗಂಡಸರಿಗೆ ನಾಚಿಕೆ ಬಿಟ್ಟಿತು. ಒಬ್ಬೊಬ್ಬರಾಗಿ ಬಂದು ಮಕ್ಕಳ ಹಿಂದೆ ಗೋಡೆಗೊರಗಿ ಕೂರಲು ಶುರುಮಾಡಿದರು. ಬೀಡಿ ಸೇದಬಾರದು ಎಂಬುದೊಂದೇ ಅವರಿಗೆ ಕಷ್ಟದ ಪಾಠ.

ಅಷ್ಟರಲ್ಲಿ ಬೇಗೂರಿನಿಂದ ಸುದ್ದಿ ಬಂತು: ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ.

ಮೇಷ್ಟ್ರು ಯಾವ ಸಂದಿಯೂ ಉಳಿಯಬಾರದೆಂದು ಸಂಜೆ ಊರ ನಡುವೆ ನಿಂತು ಸಾರಿದರು. "ನಾಳೆ ಶಾಲೆ ತುಂಬಿರಬೇಕು. ನಾಳೆ ಸಾಹೇಬರ ಮುಂದೆ ಮಗ್ಗಿ ಒಪ್ಪಿಸಿದವರಿಗೆ ಪೇಟ ಒಂದು ದಿನ ಅಲ್ಲ, ಹುಣ್ಣಿಮೆ ತನಕ." ಅದು ಅವರು ಜೀವನದಲ್ಲಿ ಕೊಟ್ಟ ಅತಿ ದೊಡ್ಡ ಮಾತು. ಅತಿ ದೊಡ್ಡ ತಪ್ಪೂ ಅದೇ.

ಬೆಳಿಗ್ಗೆ ಚಂದ್ರಮತಿ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಎಳೆದಿಟ್ಟಿದ್ದಳು.

"ಇದ್ಯಾಕೆ?" ಎಂದರು ಮೇಷ್ಟ್ರು.

"ಸುಮ್ನ. ಎತ್ಲಾಗಾದ್ರೂ ಅನುಕೂಲ ಆಗ್ಲಿ ಅಂತ."

ಮೇಷ್ಟ್ರು ಕೋಟು ಹಾಕಿಕೊಂಡು, ಬರಿದಲೆಯಲ್ಲಿ ಶಾಲೆಗೆ ಹೊರಟರು. ಪೇಟ ಹಿಂದಿನ ದಿನ ಹದಿನೇಳರ ಮಗ್ಗಿ ಒಪ್ಪಿಸಿದ ಮಾದಿಯ ಹತ್ತಿರ ಇತ್ತು. ಗಂಟೆ ಹೊತ್ತಿಗೆ ತರುತ್ತಾಳೆ, ಸಾಹೇಬರು ಬರುವ ಮುಂಚೆ ತಲೆಗೆ ಇಟ್ಟುಕೊಂಡರಾಯಿತು ಎಂದುಕೊಂಡಿದ್ದರು. ದೂರದಿಂದ ಶಾಲೆಯೊಳಗಿನ ಗದ್ದಲ ಕೇಳಿ ಅವರ ಮನಸ್ಸು ಹಗುರಾಯಿತು. ಬಾಗಿಲಲ್ಲಿ ಕಾಲಿಟ್ಟವರು ಅಲ್ಲೇ ನಿಂತರು.

ಶಾಲೆ ತುಂಬಿತ್ತು. ಚಾಪೆ ಸಾಲದೆ ನೆಲದ ಮೇಲೂ ಕೂತಿದ್ದರು. ಎಲ್ಲರೂ ಮಿಂದು, ವಿಭೂತಿ ಇಟ್ಟು, ಮೀಸೆ ತಿದ್ದಿಕೊಂಡಿದ್ದರು. ಮೊದಲ ಸಾಲಿನಲ್ಲಿ ಪುಟ್ಟಮಲ್ಲಪ್ಪ, ತೊಡೆಯ ಮೇಲೆ ಹಲಗೆ. ಎರಡನೇ ಸಾಲಿನಲ್ಲಿ ಚಿಕ್ಕಬೀರಯ್ಯ. ಮೀಸೆ ಇಲ್ಲದ ಮುಖ ಒಂದೂ ಇಲ್ಲ.

"ಮಕ್ಕಳೆಲ್ಲಿ?" ಎಂದರು ಮೇಷ್ಟ್ರು.

ಉತ್ತರ ಬರುವ ಮುಂಚೆ ಹೊರಗೆ ಸೈಕಲ್ ಬೆಲ್ಲು ಕೇಳಿಸಿತು. ಇನ್ಸ್‌ಪೆಕ್ಟರು ಒಳಗೆ ಬಂದು ಹ್ಯಾಟು ತೆಗೆದರು. ಸಾಲುಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇವರಲ್ಲಿ ಮಕ್ಕಳು ಯಾರು ಮೇಷ್ಟ್ರೇ?"

ಚಿಕ್ಕಬೀರಯ್ಯ ಮೇಷ್ಟ್ರನ್ನು ಕಾಪಾಡಲು ಎದ್ದು ನಿಂತ. "ನಾವೆಲ್ಲಾ ಮಕ್ಳೇ ಬುದ್ದಿ, ನಮ್ ನಮ್ ಅಪ್ಪಂದ್ರಿಗ."

"ನಿಮ್ಮ ಮಕ್ಕಳೆಲ್ಲಿ?"

"ಗೋಮಾಳ್ದಲ್ಲಿ, ದನ ಕಾಯಕ್ಕ ಓಗವ."

"ಅವರನ್ನ ಯಾಕೆ ಕಳಿಸಿದ್ರಿ?"

"ನಾವು ಇಸ್ಕೂಲಿಗ ಬಂದ್ರ ದನ ಕಾಯೋರ್ ಯಾರು ಬುದ್ದಿ?"

ಇನ್ಸ್‌ಪೆಕ್ಟರು ಹ್ಯಾಟನ್ನು ಮತ್ತೆ ತಲೆಗೆ ಇಟ್ಟುಕೊಂಡರು. ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಪೇಟವೂ ದನ ಕಾಯೋಕೆ ಹೋಗಿದೆಯೇ?"

ಅದು ಹೋಗಿತ್ತು. ಮೇಷ್ಟ್ರು ತಲೆ ತಗ್ಗಿಸಿದರು. ಬಾಗಿಲ ಹತ್ತಿರದ ಆ ಪೆಟ್ಟಿಗೆ ಕಣ್ಣ ಮುಂದೆ ಬಂತು. ಎಮ್ಮೆಯ ಹಗ್ಗ ಹಿಡಿದ ಕೈ ಬಂತು. "ಸ್ವಾಮಿ, ಒಂದು ನಾಲ್ಕು ಹೆಜ್ಜೆ ಗೋಮಾಳದ ತನಕ ಬರಬೇಕು," ಎಂದು ಕೇಳಿಕೊಂಡರು. "ಶಾಲೆ ಎತ್ತೋದಾದರೆ ಮಕ್ಕಳ ಮುಖ ನೋಡಿ ಎತ್ತಿ."

ಇನ್ಸ್‌ಪೆಕ್ಟರು ಸೈಕಲ್ಲು ತಳ್ಳಿಕೊಂಡು ಹೊರಟರು. ಹಿಂದೆ ಮೀಸೆಗಳ ಮೆರವಣಿಗೆ.

ಗೋಮಾಳದಲ್ಲಿ ಮಕ್ಕಳು ಚೆಲ್ಲಿದ ಕಡಲೆಯಂತೆ ಹರಡಿದ್ದರು. ಕೆಲವರು ಎಮ್ಮೆಯ ಬೆನ್ನ ಮೇಲೆ, ಕೆಲವರು ಮರದ ಮೇಲೆ, ಒಂದಿಬ್ಬರು ಕೆಸರಲ್ಲಿ. ನಡುವೆ ಬಂಡೆಯ ಮೇಲೆ, ಕೈಯಲ್ಲಿ ಕೋಲು, ತಲೆಯ ಮೇಲೆ ಜರಿಪೇಟ, ಮಾದಿ. ಮೇಷ್ಟ್ರು ಓಡಿಹೋಗಿ ಮೆಲ್ಲಗೆ ಅಂಗಲಾಚಿದರು.

"ಕೊಡವ್ವ ತಾಯಿ. ಸಾಹೇಬ್ರು ಬಂದವ್ರೆ. ಬರಿದಲೇಲಿ ನಿಂತಿದೀನಿ."

ಮಾದಿಗೆ ಅಳು ಬಂತು. ಆದರೂ ಪೇಟ ಗಟ್ಟಿಯಾಗಿ ಹಿಡಿದುಕೊಂಡಳು. "ನೀವೇ ಕೇಳುದ್ರೂ ಕೊಡ್ಕೂಡ್ದು ಅಂದಿದ್ರಲ್ಲ ಮೇಷ್ಟ್ರೇ. ಗಂಟ ಒಡ್ದಿದ್ದೂ ಕೇಳ್ನಿಲ್ಲ. ಹದ್ನೇಳ್ರುದು ಒಪ್ಸಿ, ಕೊಟ್ಬುಡ್ತೀನಿ."

ಇನ್ಸ್‌ಪೆಕ್ಟರು ಸೈಕಲ್ಲಿಗೆ ಒರಗಿ ಕೈಕಟ್ಟಿದರು. "ಒಪ್ಪಿಸಿ ಮೇಷ್ಟ್ರೇ. ನೀವೇ ಮಾಡಿದ ಕಾನೂನು ಅಂತೆ."

ಮೇಷ್ಟ್ರಿಗೆ ಹದಿನೇಳರ ಮಗ್ಗಿ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ನಿದ್ದೆಯಲ್ಲಿ ಇನ್ಸ್‌ಪೆಕ್ಟರು ಎದುರಿಗೆ ನಿಂತಿರುತ್ತಿರಲಿಲ್ಲ. "ಹದಿನೇಳೊಂದ್ಲೆ ಹದಿನೇಳು," ಎಂದು ಶುರುಮಾಡಿದರು. ಎರಡ್ಲೆ, ಮೂರ್ಲೆ ಸುಮಾರಾಗಿ ಹೋಯಿತು. ನಾಲ್ಕ್ಲೆ ಅರವತ್ತೆಂಟು, ಐದ್ಲೆ ಎಂಬತ್ತೈದು. ಆರ್ಲೆ ನೂರಾ ಎರಡು. "ಹದಿನೇಳೇಳ್ಲೆ..." ಎಂದರು. ಅಲ್ಲಿ ನಿಂತರು. ಅವರ ತಲೆಯಲ್ಲಿ ಸಂಖ್ಯೆ ಇರಬೇಕಾದ ಜಾಗದಲ್ಲಿ ಬದನಗುಪ್ಪೆಯ ದಾರಿ, ಆ ದಾರಿಯಲ್ಲಿ ಹೋಗುತ್ತಿರುವ ಎಮ್ಮೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಹದಿನೇಳೇಳ್ಲೆ..." ಎಂದರು ಇನ್ನೊಂದು ಸಲ.

"ನೂರಾ ಹತ್ತೊಂಬತ್ತು," ಎಂದಿತು ಒಂದು ಮರ.

"ನೂರಾ ಹತ್ತೊಂಬತ್ತು ಮೇಷ್ಟ್ರೇ," ಎಂದಿತು ಒಂದು ಎಮ್ಮೆಯ ಬೆನ್ನು. ಆಮೇಲೆ ಕೆಸರು ಹೇಳಿತು, ಪೊದೆ ಹೇಳಿತು. ತಮ್ಮ ಮೇಷ್ಟ್ರು ಹೀಗೆ ಸಿಕ್ಕಿಕೊಂಡದ್ದನ್ನು ನೋಡಲಾರದೆ ಗೋಮಾಳದ ನಾಲ್ಕೂ ಕಡೆಯಿಂದ ಮಕ್ಕಳು ಒಟ್ಟಿಗೆ ಎತ್ತಿಕೊಂಡರು. ಎಂಟ್ಲೆ ನೂರಾ ಮೂವತ್ತಾರು, ಒಂಬತ್ಲೆ ನೂರಾ ಐವತ್ತಮೂರು, ಹತ್ಲೆ ನೂರಾ ಎಪ್ಪತ್ತು. ದನಗಳು ಮೇಯುವುದು ಬಿಟ್ಟು ತಲೆ ಎತ್ತಿದವು. ಹಿಂದಿನಿಂದ ಪುಟ್ಟಮಲ್ಲಪ್ಪನವರೂ ದನಿಗೂಡಿಸಿದರು. ಅವರು ಇನ್ನೂ ಐದ್ಲೆಯಲ್ಲೇ ಇದ್ದರು.

ಇನ್ಸ್‌ಪೆಕ್ಟರು ಮರದ ಮೇಲಿದ್ದವನನ್ನು ಹನ್ನೆರಡೆಂಟ್ಲೆ ಕೇಳಿದರು. ಕೆಸರಲ್ಲಿದ್ದವನನ್ನು ಹದಿನಾಲ್ಕರ ಮಗ್ಗಿ ಹಿಂದಿನಿಂದ ಮುಂದಕ್ಕೆ ಕೇಳಿದರು. ಬಂದವು. ಮಾದಿಯನ್ನು ಹತ್ತೊಂಬತ್ತರದು ಕೇಳಿದರು, ಅದೂ ಬಂತು. ಅವರ ಮುಖ ಅರಳಿತು. "ಭೇಷ್," ಎಂದು ಚೀಲಕ್ಕೆ ಕೈ ಹಾಕಿ ಪೆಪ್ಪರ್‌ಮಿಂಟಿನ ಪೊಟ್ಟಣ ಹೊರತೆಗೆದರು.

ಪುಟ್ಟಮಲ್ಲಪ್ಪ ಹಾರಿ ಬಂದು ಅವರ ಕೈ ಹಿಡಿದರು. "ಮುಚ್ಚಿ ಸ್ವಾಮಿ, ಮುಚ್ಚಿ. ಕಾಡು ಇಲ್ಲೇ ಅದ. ನಮ್ ಊರಲ್ಲಿ ಐಕ್ಳಿಗ ತಿನ್ನಾದು ಕೊಡಂಗಿಲ್ಲ."

"ಮತ್ತೆ ಏನು ಕೊಡೋದು?"

"ನಿಮ್ ತಲ ಮ್ಯಾಲಿರಾದು ಕೊಡ್ಬೋದು," ಎಂದ ಮರದ ಮೇಲಿನ ಹುಡುಗ.

ಹಾಗಾಗಿ ಇನ್ಸ್‌ಪೆಕ್ಟರ ಹ್ಯಾಟು ತಲೆಯಿಂದ ತಲೆಗೆ ಗೋಮಾಳ ಪೂರ್ತಿ ತಿರುಗಿತು. ಕೆಸರಲ್ಲಿದ್ದವನ ತಲೆಯಿಂದ ವಾಪಸ್ಸು ಬಂದಾಗ ಅದರ ಬಣ್ಣ ಬೇರೆಯಾಗಿತ್ತು. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು ಮಾದಿಯನ್ನು ಕೇಳಿದರು.

"ಏನಮ್ಮ, ಮೇಷ್ಟ್ರಿಗೆ ಪೇಟ ಕೊಡ್ತೀಯಾ?"

"ಅವ್ರು ತಪ್ಪುದ್ರಲ್ಲ ಬುದ್ದಿ," ಎಂದಳು ಮಾದಿ ಸಂಕಟದಿಂದ. "ನಾಳಗ ಕಲ್ತ್ಕಂಡು ಬರ್ಲಿ."

"ಸರಿ ಮೇಷ್ಟ್ರೇ," ಎಂದರು ಇನ್ಸ್‌ಪೆಕ್ಟರು. "ಮಕ್ಕಳು ಪಾಸು. ನೀವು ನಪಾಸು. ನಪಾಸಾದವರನ್ನ ಮುಂದಕ್ಕೆ ಕಳಿಸೋ ಪದ್ಧತಿ ನಮ್ಮಲ್ಲಿ ಇಲ್ಲ. ಅದೇ ಊರು, ಅದೇ ಶಾಲೆ, ಅದೇ ಚಾಪೆ. ಅಲ್ಲೇ ಕೂತು ಕಲೀಬೇಕು." ಆಮೇಲೆ ಮೀಸೆಗಳ ಕಡೆ ತಿರುಗಿ, "ನೀವು ಹಗಲು ದನ ಕಾಯಿರಿ. ದೀಪ ಹಚ್ಚಿದ ಮೇಲೆ ಶಾಲೆಗೆ ಬನ್ನಿ," ಎಂದರು.

ಮೇಷ್ಟ್ರು ಮನೆ ಮುಟ್ಟಿದಾಗ ಚಂದ್ರಮತಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ಗಂಡನ ಬರಿದಲೆ ನೋಡಿದಳು.

"ಏನಾಯ್ತು?"

"ನಪಾಸಾದೆ."

ಆಕೆ ಎದ್ದು ಎಮ್ಮೆಯ ಹಗ್ಗ ಬಿಚ್ಚಲು ಹೊರಟಳು. ಮೇಷ್ಟ್ರು ಹಿಂದೆಯೇ ಓಡಿ, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು, ಗೋಮಾಳದಲ್ಲಿ ನಡೆದದ್ದೆಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿದರು. ಚಂದ್ರಮತಿ ಕೇಳಿದಳು. ಹೇಳಿದ್ದನ್ನು ಎರಡನೇ ಸಲ ಹೇಳಿಸಿದಳು.

"ಅಂದ್ರ, ಆ ಮಗ್ಗಿ ನೀವು ಕಲ್ಯಾ ತಂಕ ಇಲ್ಲಿಂದ ಕದಲ್ಸಾಂಗಿಲ್ಲ?"

"ಸಾಹೇಬ್ರು ಹಂಗೇ ಅಂದ್ರು. ಅದೇನು ಮಹಾ, ಇವತ್ತೇ ಇನ್ನೊಂದು ಸಲ ಮನನ ಮಾಡಿದ್ರೆ ನಾಳೆ ಬೆಳಿಗ್ಗೆ ಒಪ್ಪಿಸಿ ಪೇಟ ಬಿಡಿಸಿಕೊಂಡು..."

"ತಗೀರಿ," ಎಂದಳು ಚಂದ್ರಮತಿ. ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. "ನಮ್ಮಪ್ಪನಿಗ ನಾ ಯೇಳ್ಕತೀನಿ. ನೀವು ಮಾತ್ರ ಆ ಹದ್ನೇಳ್ರ ಮಗ್ಗಿ ತಂಟಗ ಓದ್ರ ನೋಡಿ."